‘ರೇ’ ಬೇಕಿತ್ತು, ರೇಷ್ಮೆ ಸುದ್ದೀಲಿ ಸಿಕ್ತು

ಮೊದಲನೇ ಫೋಟೋ ನೋಡಿದ್ರಲ್ವಾ? ಅದು ಯಾವ ಆ್ಯಪಿನ ಫಾಂಟೂ ಅಲ್ಲ. ಹಳೇ ಪೇಪರ್ ಕತ್ತರಿಸಿ ಅಂಟಿಸಿದ್ದು. ‘ಪೆ’ ಪೆಟ್ರೋಲ್ ಸುದ್ದಿಯಿಂದ, ‘ರೇ’ ರೇಷ್ಮೆಗೂಡಿನ ರೇಟಿಂದ, ‘ಸಂ’ ಸಂಸದರದ್ದು, ‘ದ್ರ’ ಕೇಂದ್ರ ಸರ್ಕಾರದ್ದು. ಇಂಗ್ಲಿಷಲ್ಲಾದ್ರೆ 26 ಅಕ್ಷರ ಸಿಕ್ಕಿದ್ರೆ ಮುಗೀತು. ನಮಗೆ ಕೊಂಬು, ದೀರ್ಘ, ಒತ್ತು ಸಮೇತ ಇಡೀ ಅಕ್ಷರ ಸಿಗಬೇಕು. ‘ರೇ’ ಒಂದಕ್ಕೇ ಒಂದು ಗಂಟೆ ಹೋಯ್ತು.

ಯಾಕೆ ಇಷ್ಟು ಕಷ್ಟ ಅಂತೀರಾ? ನಮ್ಮ ಕ್ಲಾಸಲ್ಲೇ ಒಬ್ಬ ಪೆರೇಸಂದ್ರದ ಮೇಲೆ ರ್‍ಯಾಪ್ ಬರೆದು ಹಾಡಿದ್ದಾನೆ. ಚೆನ್ನಾಗಿದೆ. ಆದ್ರೆ ಆರು ತಿಂಗಳಿಂದ ಅವನ ಫೋನಲ್ಲೇ ಕೊಳೀತಿದೆ. ಕೇಳಿದ್ರೆ, “ಕವರ್ ಪ್ರೊಫೆಷನಲ್ ಆಗಿ ಬರ್ಬೇಕು ಮಗಾ, ಡಿಸೈನರ್‌ಗೆ ಕೊಡೋಕೆ ದುಡ್ಡಿಲ್ಲ” ಅಂತಾನೆ.

ದುಡ್ಡಿಲ್ದೇನೇ ಹುಟ್ಟಿದ ಡಿಸೈನ್ ಇದು ಕಣ್ರೋ. 1977ರಲ್ಲಿ ಸೆಕ್ಸ್ ಪಿಸ್ಟಲ್ಸ್ ಅನ್ನೋ ಇಂಗ್ಲೆಂಡಿನ ಪಂಕ್ ಬ್ಯಾಂಡಿಗೆ ಕವರ್ ಮಾಡಿದ್ದು ಜೇಮೀ ರೀಡ್. ರಾಣಿಯ ಫೋಟೋ, ಕಣ್ಣು ಬಾಯಿ ಮೇಲೆ ಕತ್ತರಿಸಿದ ಅಕ್ಷರದ ಪಟ್ಟಿ. ಅದಕ್ಕೂ ಮುಂಚೆ ಒಂದು ಪುಟ್ಟ ಪ್ರೆಸ್ಸಲ್ಲಿದ್ದಾಗ, ಅಕ್ಷರ ಜೋಡಿಸೋಕೆ ಕಾಸಿಲ್ದೆ ಪೇಪರ್ ಕತ್ತರಿಸೋದು ಆತನಿಗೆ ರೂಢಿಯಾಗಿತ್ತು. ಈಗ ಅದೇ ಸೊಟ್ಟ ಅಕ್ಷರ ಆ್ಯಪಲ್ಲಿ ರೆಡಿಮೇಡ್ ಸಿಗುತ್ತೆ. ನನ್ನ ಕೇಳಿದ್ರೆ ಅದು ಫ್ಯಾನ್ಸಿ ಡ್ರೆಸ್.

ಹಾಗಂತ ಎಲ್ಲಾ ಕವರೂ ಹರಕು ಮುರುಕಾಗಿರ್ಲಿಲ್ಲ. ಅರ್ಧ ಕಾಲೇಜು ಹಾಕ್ಕೊಂಡು ಓಡಾಡೋ ಆ ಬಿಳಿ ಗೆರೆಗಳ ಕಪ್ಪು ಟೀಶರ್ಟ್ ಇದ್ಯಲ್ಲ, ಅದು ಬೆಟ್ಟ ಅಲ್ಲ, ಒಂದು ನಕ್ಷತ್ರದ ರೇಡಿಯೋ ಸಿಗ್ನಲ್. 1979ರ ಜಾಯ್ ಡಿವಿಷನ್ ಆಲ್ಬಂಗೆ ಖಗೋಳ ವಿಶ್ವಕೋಶದಿಂದ ಆ ಚಿತ್ರ ಆರಿಸಿದ್ದು ಬ್ಯಾಂಡಿನವರೇ, ಡಿಸೈನ್ ಪೀಟರ್ ಸ್ಯಾವಿಲ್.

ನನ್ನಂಥ ಬಿಕಾಂನವ್ರಿಗೆ ಹಬ್ಬ ಅಂದ್ರೆ 1978ರ ಸ್ಕ್ರಿಟ್ಟಿ ಪೊಲಿಟ್ಟಿ ಸಿಂಗಲ್. ಜೆರಾಕ್ಸ್ ಮಾಡಿದ ಕವರ್, ಅದರ ಮೇಲೇ ಖರ್ಚಿನ ಲೆಕ್ಕ: ಸ್ಟುಡಿಯೋಗೆ ಎಷ್ಟು, ಮಾಸ್ಟರಿಂಗ್‌ಗೆ ಎಷ್ಟು, ರೆಕಾರ್ಡ್ ಒತ್ತಿಸೋಕೆ ಎಷ್ಟು, ಲೇಬಲ್‌ಗೆ ಎಷ್ಟು. ಕಾಸ್ಟ್ ಶೀಟ್ ಸ್ವಾಮಿ! ಓದಿದವನು ‘ಇಷ್ಟೇನಾ, ನಾನೂ ಮಾಡ್ತೀನಿ’ ಅನ್ನಲಿ ಅಂತ.

ಅದೇ ವರ್ಷ ನಮ್ಮಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ನಮ್ಮನೆ ಡಬ್ಬದಲ್ಲಿರೋ ಹಳೇ ಕ್ಯಾಸೆಟ್‌ಗಳನ್ನೆಲ್ಲ ತೆಗೆದು ನೋಡಿದೆ. ಕವಿ, ಗಾಯಕರು, ಸಂಗೀತ ಎಲ್ಲ ಇದೆ. ಕವರ್ ಬರೆದವರ ಹೆಸರು ಒಂದರಲ್ಲೂ ಇಲ್ಲ. ಹಾಗಾಗಿ ನಾನು ನನ್ನ ಹೆಸರು ಹಾಕಿದ್ದೀನಿ, ಮೂಲೇಲಿ, ಚಿಕ್ಕದಾಗಿ.

ಎರಡನೇ ಫೋಟೋ ನಮ್ಮ ಕಾಸ್ಟ್ ಶೀಟ್. ಪೇಪರ್ ಮನೇದು, ಸೊನ್ನೆ. ಗೋಂದು 20 ರೂಪಾಯಿ. ಹೈವೇ ಪಕ್ಕದ ಅಂಗಡೀಲಿ ಜೆರಾಕ್ಸ್ ಮೂರು ಸಲ, 6 ರೂಪಾಯಿ. ಒಟ್ಟು 26.

ಮಗಾ, ಕವರ್ ರೆಡಿ ಇದೆ. ‘ದ್ರ’ ಸ್ವಲ್ಪ ಸೊಟ್ಟ ಅಂಟಿದೆ, ತೆಗೆಯಲ್ಲ. ಈ ಭಾನುವಾರ ಹಾಡು ಹಾಕ್ತೀಯೋ ಇಲ್ವೋ, ಕೆಳಗೆ ಎಲ್ಲರ ಮುಂದೆ ಹೇಳು.