"ಟೆಸ್ಟ್ ಮಾಡ್ಸಿದೀಯಾ?" ಅಂತ ಕೇಳಿದ್ರೆ ಅವಮಾನ ಯಾಕೆ?

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಾವು ಐದು ಜನ ಸಕ್ರೆಬೈಲಿಗೆ ಹೋಗಿದ್ವಿ. ತುಂಗಾ ಹಿನ್ನೀರಲ್ಲಿ ಆನೆಗಳ ಸ್ನಾನ ನಡೀತಾ ಇತ್ತು. ದಡದಲ್ಲಿ ಕೂತಿದ್ದಾಗ ನಮ್ಮಲ್ಲೊಬ್ಬ ಇದ್ದಕ್ಕಿದ್ದಂತೆ ಹೇಳಿದ: "ಮಗಾ, ಅವಳು ನನ್ನನ್ನ ಎಚ್‌ಐವಿ ಟೆಸ್ಟ್ ಮಾಡ್ಸಿದೀಯಾ ಅಂತ ಕೇಳಿದ್ಲು ಕಣೋ. ನನ್ನನ್ನ ಏನಂದ್ಕೊಂಡಿದಾಳೆ?"

ಅವಳು ಅಂದ್ರೆ ಅವನು ಪ್ರೀತಿಸ್ತಿದ್ದ ಹುಡುಗಿ. ಆ ಒಂದು ಪ್ರಶ್ನೆಗೆ ಜಗಳ ಆಗಿ ಮಾತು ನಿಂತಿತ್ತು. ನಾವೆಲ್ಲ "ನಂಬಿಕೆ ಇಲ್ಲದವಳು, ಬಿಟ್ಟಾಕು ಮಗಾ" ಅಂದ್ವಿ. ನಾನೂ ತಲೆಯಾಡಿಸಿದೆ. ಇದನ್ನ ಈಗ ಅವನ ಒಪ್ಪಿಗೆ ಕೇಳಿಯೇ ಬರೀತಿದ್ದೀನಿ, ಯಾಕಂದ್ರೆ ಅವತ್ತು ತಪ್ಪು ಮಾತಾಡಿದ್ದು ಅವಳಲ್ಲ, ನಾವು.

ನಮಗೆ ಕೋಪ ಬಂದಿದ್ದು ಯಾಕೆ? ಟೆಸ್ಟ್ ಬಗ್ಗೆ ಕೇಳಿದ್ದನ್ನ ನಾವು ನಡತೆ ಬಗ್ಗೆ ಕೇಳಿದ ಹಾಗೆ ತಗೊಂಡ್ವಿ. ಆದ್ರೆ ಎಚ್‌ಐವಿ, ಹೆಪಟೈಟಿಸ್ ಬಿ ಬರೀ ಲೈಂಗಿಕ ಸಂಪರ್ಕದಿಂದಲೇ ಬರೋದಲ್ಲ. ಸೋಂಕಿರೋ ಸೂಜಿ, ರಕ್ತದಿಂದಲೂ ಬರಬಹುದು, ತಾಯಿಯಿಂದ ಮಗುವಿಗೂ ಬರಬಹುದು. ಹಾಗಾಗಿ "ನಾನು ಅಂಥವನಲ್ಲ" ಅನ್ನೋದು ಆ ಪ್ರಶ್ನೆಗೆ ಉತ್ತರವೇ ಅಲ್ಲ.

ನಾನು ಇಂಗ್ಲಿಷ್ ಮೀಡಿಯಮ್ಮಲ್ಲಿ ಓದಿದವನು. ಹತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕದಲ್ಲಿ ಗೊನೊರಿಯಾ, ಸಿಫಿಲಿಸ್, ಎಚ್‌ಐವಿ ಎಲ್ಲದರ ಹೆಸರೂ ಇತ್ತು. ಆ ಪುಟ ಬಂದಾಗ "ಮನೇಲಿ ಓದ್ಕೊಳ್ಳಿ" ಅಂದ್ರು. ಕನ್ನಡದಲ್ಲಿ ನನಗೆ ಗೊತ್ತಿದ್ದ ಪದ ಒಂದೇ, ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಓದಿದ್ದು: ಗುಪ್ತರೋಗ. ಹೆಸರಲ್ಲೇ ಗುಪ್ತ ಅಂತ ಇಟ್ಟಮೇಲೆ ಬಾಯಿಬಿಟ್ಟು ಕೇಳೋದು ಹೇಗೆ? ಲೈಂಗಿಕ ಸೋಂಕು ಅನ್ನೋಣ. ಜ್ವರ, ಶೀತದ ಹಾಗೆ ಅದೂ ಒಂದು ಸೋಂಕು.

ಒಂದರ್ಥದಲ್ಲಿ ಮಾತ್ರ ಅದು ನಿಜಕ್ಕೂ ಗುಪ್ತ. ಕ್ಲಮೈಡಿಯಾ ಬಂದ ಬಹಳ ಜನರಿಗೆ ಲಕ್ಷಣವೇ ಕಾಣಲ್ಲ. ಎಚ್‌ಐವಿ ವರ್ಷಗಟ್ಟಲೆ ಸುಮ್ಮನಿರಬಹುದು. ಅಂದ್ರೆ ಸುಳ್ಳು ಹೇಳದ ಒಳ್ಳೆಯ ಮನುಷ್ಯನಿಗೂ ತನಗೆ ಸೋಂಕಿದೆ ಅಂತ ಗೊತ್ತಿರದೇ ಇರಬಹುದು. ನಂಬಿಕೆ ಎಷ್ಟೇ ಇರಲಿ, ಗೊತ್ತಾಗೋದು ಟೆಸ್ಟಿಂದ ಮಾತ್ರ.

"ಮದುವೆಗೆ ಮುಂಚೆ ಇದೆಲ್ಲ ಬೇಕಾ?" ಅಂತ ಕೇಳೋರು ಇದ್ದಾರೆ. ಬೇಡ ಅನ್ನೋರ ನಿರ್ಧಾರಕ್ಕೆ ನನ್ನ ಪೂರ್ತಿ ಗೌರವ ಇದೆ. ಆದ್ರೆ ಮದುವೆ ಆದ್ರೂ ಪ್ರಶ್ನೆ ಹೋಗಲ್ಲ. ಜಾತಕ ಕೇಳ್ತೀವಿ, ಗೋತ್ರ ಕೇಳ್ತೀವಿ, ಸಂಬಳ ಕೇಳ್ತೀವಿ. ರಕ್ತ ಪರೀಕ್ಷೆ ಕೇಳಿದ್ರೆ ಮಾತ್ರ ಮರ್ಯಾದೆ ಹೋಗುತ್ತೆ!

ಇನ್ನು ಟೆಸ್ಟ್ ವಿಷಯ. ಜಿಲ್ಲಾ, ತಾಲೂಕು ಸರ್ಕಾರಿ ಆಸ್ಪತ್ರೆಗಳಲ್ಲಿ ಐಸಿಟಿಸಿ ಅನ್ನೋ ಕೇಂದ್ರ ಇರುತ್ತೆ. ಶಿವಮೊಗ್ಗದಲ್ಲಾದ್ರೆ ಮೆಗ್ಗಾನ್ ಆಸ್ಪತ್ರೆ. ಎಚ್‌ಐವಿ ಪರೀಕ್ಷೆ ಉಚಿತ, ಮುಂಚೆ ಮತ್ತು ಆಮೇಲೆ ಆಪ್ತಸಮಾಲೋಚಕರು ಮಾತಾಡ್ತಾರೆ. ಅದೊಂದರಿಂದ ಬೇರೆ ಸೋಂಕು ಗೊತ್ತಾಗಲ್ಲ, ಅದಕ್ಕೆ ಸುರಕ್ಷಾ ಕ್ಲಿನಿಕ್ ಇವೆ. ಅನುಮಾನ ಇದ್ರೆ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡೋ ಹಾಗಿಲ್ಲ, ಫಲಿತಾಂಶವನ್ನ ಗುಟ್ಟಾಗಿ ಇಡಲೇಬೇಕು.

ಒಂದು ಎಚ್ಚರಿಕೆ. ಸೋಂಕು ತಗುಲಿದ ತಕ್ಷಣ ಟೆಸ್ಟಲ್ಲಿ ಕಾಣಲ್ಲ. ಎಚ್‌ಐವಿಗೆ ಪೂರ್ತಿ ಖಾತ್ರಿಯಾಗೋಕೆ ಮೂರು ತಿಂಗಳವರೆಗೂ ಬೇಕಾಗಬಹುದು. ಆದ್ದರಿಂದ ನೆಗೆಟಿವ್ ಬಂತು ಅಂತ ಕಾಂಡೋಮ್ ಬಿಡೋದಲ್ಲ. ಪಾಸಿಟಿವ್ ಬಂದ್ರೂ ಬದುಕು ಮುಗೀತು ಅಂತಲ್ಲ. ಸಿಫಿಲಿಸ್, ಗೊನೊರಿಯಾ, ಕ್ಲಮೈಡಿಯಾಗೆ ಆಂಟಿಬಯಾಟಿಕ್ ಇದೆ, ವಾಸಿಯಾಗುತ್ತೆ. ಎಚ್‌ಐವಿಗೆ ಎಆರ್‌ಟಿ ಮಾತ್ರೆ ಸರ್ಕಾರವೇ ಉಚಿತವಾಗಿ ಕೊಡುತ್ತೆ. ತಪ್ಪದೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಮ್ಮಿಯಾಗಿ ಹಾಗೇ ಉಳಿದ್ರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡೋದೇ ಇಲ್ಲ.

ಹಾಗಾದ್ರೆ ಕೇಳೋದು ಹೇಗೆ? ನನ್ನ ಪ್ರಕಾರ "ನೀನು ಮಾಡಿಸಿದೀಯಾ?" ಅಂತ ಶುರು ಮಾಡಬೇಡಿ. "ನಾನು ಮಾಡಿಸ್ಕೋತೀನಿ, ಜೊತೆಗೆ ಹೋಗೋಣ್ವಾ?" ಅನ್ನಿ. ಆಗ ಅದು ವಿಚಾರಣೆ ಅಲ್ಲ, ಇಬ್ಬರ ಕೆಲಸ. ಕೇಳೋಕೆ ಒಳ್ಳೆ ಹೊತ್ತು ಲೈಟ್ ಆರಿಸಿದ ಮೇಲಲ್ಲ, ಅದಕ್ಕೆ ಎಷ್ಟೋ ದಿನ ಮುಂಚೆ, ಟೀ ಕುಡೀತಾ. ಆ ಕಡೆಯವರು ಏನು ಹೇಳಿದ್ರೂ ಅದು ಹಾಸ್ಟೆಲ್ ಗ್ರೂಪಿಗೆ ಬರಬಾರದು. ಈ ವಿಷಯದಲ್ಲಿ ಬಾಯಿ ಬಿಡೋನು ಸೋಂಕಿಗಿಂತ ಅಪಾಯ.

ಅವತ್ತು ಹೊಳೇಲಿ ಮಾವುತರು ಆನೆ ಮೈ ಉಜ್ಜುತ್ತಾ, ಕಿವಿ ಹಿಂದೆ, ಕಾಲಡಿ ಎಲ್ಲಾ ನೋಡ್ತಾ ಇದ್ರು. ಆನೆ ಮೇಲೆ ನಂಬಿಕೆ ಇಲ್ಲ ಅಂತ ಅಲ್ವಲ್ಲ. ತಮ್ಮದು ಅನ್ನೋ ಕಾಳಜಿಗೆ ನೋಡ್ತಾರೆ. ನಾವು ಅದನ್ನೇ ನೋಡ್ತಾ ಕೂತು, ಕಾಳಜಿ ಮಾಡಿದ ಹುಡುಗೀನ ಬೈದ್ವಿ.

ಮೊನ್ನೆ ಅವನಿಗೆ ಹೇಳಿದೆ, "ನಾವು ಹೇಳಿದ್ದು ತಪ್ಪು ಕಣೋ, ಅವಳಿಗೆ ಸಾರಿ ಕೇಳು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೆಗ್ಗಾನ್‌ಗೆ ಜೊತೆಗೆ ಬರ್ತೀಯಾ?" ಅಂದ. ಬುಧವಾರ ಲ್ಯಾಬ್ ಇಲ್ಲ. ಹೋಗ್ತಿದೀವಿ, ಇಬ್ಬರೂ ಮಾಡಿಸ್ಕೋತೀವಿ.