ಸವಳನ್ನು ಕಾಣದ ಕ್ಯಾಮೆರಾ

ಮಳೆಗಾಲ ಬಂತೆಂದರೆ ಗೋಕಾಕ ಜಲಪಾತದ ಚಿತ್ರ ಪತ್ರಿಕೆಗಳ ಪುಟಗಳನ್ನೇರುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೆ ನುಗ್ಗಿದಾಗ ಕ್ಯಾಮೆರಾಗಳೂ ನುಗ್ಗಿದವು. ನೀರಿಳಿದಂತೆ ಅವೂ ಮರಳಿದವು. ಆದರೆ ಮೂಡಲಗಿ ತಾಲ್ಲೂಕಿನ ತುಕ್ಕಾನಟ್ಟಿಯ ಸುತ್ತಲಿನ ಕಬ್ಬಿನ ಸೀಮೆಗೆ, ಏನೂ ‘ನಡೆಯದ’ ದಿನಗಳಲ್ಲಿ, ಯಾವ ಛಾಯಾಗ್ರಾಹಕ ಹೋಗುತ್ತಾನೆ?

ಅಲ್ಲಿ ನಡೆಯುತ್ತಿರುವುದು ನಿಧಾನದ ನಾಶ. ಸಹ್ಯಾದ್ರಿಯಲ್ಲಿ ಹುಟ್ಟಿದ ನದಿಯ ನೀರು ಹಿಡಕಲ್ ಜಲಾಶಯದಿಂದ ಕಾಲುವೆಗಿಳಿದು ಕಬ್ಬಿನ ಹೊಲ ಸೇರುತ್ತದೆ. ಬಸಿಗಾಲುವೆಯಿಲ್ಲದ ಎರೆಮಣ್ಣಿನಲ್ಲಿ ಹೆಚ್ಚಾದ ನೀರು ಇಂಗಿ ಅಂತರ್ಜಲವನ್ನು ಮೇಲೆತ್ತುತ್ತದೆ. ಬಿಸಿಲು ನೀರನ್ನು ಹೀರಿಕೊಂಡು ಲವಣವನ್ನು ಮಣ್ಣಿನ ಮೇಲೆ ಬಿಡುತ್ತದೆ. ಘಟಪ್ರಭಾ ಅಚ್ಚುಕಟ್ಟಿನ ರೈತರು ಇದನ್ನು ಸವಳು–ಜವಳು ಎನ್ನುತ್ತಾರೆ. ಒಂದು ವರ್ಷದ ಚಿತ್ರದಲ್ಲಿ ಅದು ಕಾಣದು. ಹತ್ತು ವರ್ಷ ಅದೇ ಬದುವಿನ ಮೇಲೆ ನಿಂತವನಿಗೆ ಮಾತ್ರ ಕಂಡೀತು.

ಹಾಗೆ ನಿಲ್ಲಬಲ್ಲ ಕಣ್ಣು ಕನ್ನಡನಾಡಿಗೆ ಅಪರಿಚಿತವಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಪತ್ರಿಕಾ ಛಾಯಾಗ್ರಾಹಕರಾಗಿ ಗಣ್ಯರನ್ನೂ ಮಹಾಘಟನೆಗಳನ್ನೂ ಸೆರೆಹಿಡಿದರು. ಆದರೂ ಅವರು ಉಳಿದಿರುವುದು ಸಾಮಾನ್ಯರ ಚಿತ್ರಗಳಿಂದ: ಆಡುವ ಮಕ್ಕಳು, ಶಾಲೆ, ಬೀದಿ, ದುಡಿಯುವ ಕೈಗಳು. ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಹಳ್ಳಿಗಳಲ್ಲಿ ಅಲೆದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಬಡವರಿದ್ದಾರೆ, ಬಡತನದ ಜಾಹೀರಾತಿಲ್ಲ. ಎದುರಿನ ವ್ಯಕ್ತಿ ಕ್ಯಾಮೆರಾ ಮರೆಯುವಷ್ಟು ಸಲುಗೆ ಬೆಳೆಸಿಕೊಳ್ಳದೆ ಇಂಥ ಚಿತ್ರ ಹುಟ್ಟುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಪಾಠವೂ ಇದೆ. ಅಮೆರಿಕದ ಕೃಷಿ ಸಂಕಷ್ಟವನ್ನು ದಾಖಲಿಸಲು ಅಲ್ಲಿನ ಸರ್ಕಾರವೇ ಛಾಯಾಗ್ರಾಹಕರನ್ನು ನೇಮಿಸಿತ್ತು. 1936ರಲ್ಲಿ ಅವರಲ್ಲೊಬ್ಬರಾದ ಆರ್ಥರ್ ರಾಥ್‌ಸ್ಟೈನ್ ಬಿರುಕುಬಿಟ್ಟ ನೆಲದ ಮೇಲಿದ್ದ ದನದ ತಲೆಬುರುಡೆಯನ್ನು ಕೊಂಚ ದೂರ ಸರಿಸಿ ಮತ್ತೆ ಚಿತ್ರ ತೆಗೆದರು. ಬರ ನಿಜವಾಗಿತ್ತು, ಸರಿಸಿದ ಬುರುಡೆ ಆ ನಿಜವನ್ನೇ ಅನುಮಾನಕ್ಕೊಡ್ಡಿತು, ವಿರೋಧಿಗಳಿಗೆ ಅಸ್ತ್ರವಾಯಿತು. ಅದೇ ವರ್ಷ ಡೊರೊಥಿಯಾ ಲಾಂಜ್ ತೆಗೆದ ವಲಸೆ ತಾಯಿಯ ಚಿತ್ರ ಜಗತ್ತನ್ನೇ ಸುತ್ತಿತು. ಆ ತಾಯಿಯ ಹೆಸರು ಫ್ಲಾರೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಮುಖ ಬೇಕಾಗಿತ್ತು, ಹೆಸರು ಬೇಕಿರಲಿಲ್ಲ!

ಕಣ್ಣು ಕುಕ್ಕುವ ಚಿತ್ರವಿಲ್ಲದೆ ಸರ್ಕಾರ ಎಚ್ಚರಗೊಳ್ಳದು ಎಂಬ ವಾದವುಂಟು. ಎಚ್ಚರಗೊಂಡ ಸರ್ಕಾರ ಕೊಡುವುದೇನು? ನೆರೆಗೆ ಪರಿಹಾರದ ಚೆಕ್ಕು. ಸವಳಿಗೆ ಅದೂ ಇಲ್ಲ. ಏಕೆಂದರೆ ಸವಳು ಬಂದ ದಿನಾಂಕವನ್ನು ಯಾರೂ ಹೇಳಲಾರರು. ದಿನಾಂಕವಿಲ್ಲದ ಹಾನಿಗೆ ವರ್ಷವರ್ಷದ ಚಿತ್ರವೇ ಸಾಕ್ಷಿ. ದೃಶ್ಯವೈಭವವನ್ನು ಮಾತ್ರ ಬೇಡುವ ಕಣ್ಣು ಆ ಸಾಕ್ಷಿಯನ್ನು ಕೊಲ್ಲುತ್ತದೆ.

ಮಲೆನಾಡಿನ ಪರಿಸರ ಸಂಘಟನೆಗಳೂ ಈ ದೋಷದಿಂದ ಮುಕ್ತವಲ್ಲ. ಅವುಗಳ ಕರಪತ್ರಗಳಲ್ಲಿ ಹುಲಿಯಿದೆ, ಜಲಪಾತವಿದೆ, ಮಂಜು ಮುಸುಕಿದ ಕಾಡಿದೆ. ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ಇಳಿಯುವ ಹೆಂಗಸು ಎಲ್ಲಿ? ಅಡಿಕೆ ಸುಲಿಯುವ ಕೈ ಎಲ್ಲಿ? ಮನುಷ್ಯರಿಲ್ಲದ ಕಾಡನ್ನು ಚಿತ್ರದಲ್ಲಿ ತೋರಿಸುತ್ತಾ ಬಂದವರು, ನಾಳೆ ಅದೇ ಕಾಡಿನಿಂದ ಜನರನ್ನು ಒಕ್ಕಲೆಬ್ಬಿಸುವವರಿಗೆ ಯಾವ ಉತ್ತರ ಕೊಟ್ಟಾರು?

ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಇಂಥ ಕೇಂದ್ರಗಳ ಕ್ಯಾಮೆರಾ ಉದ್ಘಾಟನೆಯ ದೀಪ, ಹಾರ, ವೇದಿಕೆಗಳಿಗಷ್ಟೇ ಮೀಸಲಾಗಬೇಕೆ? ಅದೇ ಹೊಲ, ಅದೇ ಬದು, ಅದೇ ಮನೆಯವರನ್ನು ಅವರ ಒಪ್ಪಿಗೆಯಿಂದ ಪ್ರತಿ ಸುಗ್ಗಿಯಲ್ಲೂ ಚಿತ್ರಿಸಲಿ. ಕಬ್ಬು ಕಡಿಯಲು ಬರುವ ಗ್ಯಾಂಗಿನವರ ಗುಡಿಸಲು, ಹೊಲದಲ್ಲಿ ಸುಡುವ ರವದಿ, ಮನೆಯಂಗಳದ ದನ, ಎಲ್ಲವೂ ದಾಖಲಾಗಲಿ. ಮಣ್ಣುಪರೀಕ್ಷೆಯ ಅಂಕಿಗಳ ಪಕ್ಕದಲ್ಲಿ ಆ ಚಿತ್ರಗಳಿರಲಿ. ಪ್ರತಿಯೊಂದು ಚಿತ್ರದ ಒಂದು ಪ್ರತಿ ಮೊದಲು ಆ ಮನೆಗೇ ತಲುಪಲಿ.

ರೈತನ ಬದುಕು ಯಾರದೋ ಭಾಷಣಕ್ಕೆ ಹಿನ್ನೆಲೆ ಪರದೆಯಲ್ಲ. ಅವನ ದಿನಚರಿಯನ್ನು ನೋಡುವ ವ್ಯವಧಾನವಿಲ್ಲದವರಿಗೆ ಅವನ ಸಾವಿನ ಚಿತ್ರ ಪ್ರಕಟಿಸುವ ಹಕ್ಕೂ ಇಲ್ಲ.