ಶಿಲ್ಪಕ್ಕೆ ಹೆಸರಿದೆ, ನಮ್ಮ ಅಕ್ಕನಿಗೆ?

ಕಳೆದ ತಿಂಗಳು ಮೊಬೈಲಿನಲ್ಲಿ ಒಂದು ಫೋಟೊ ನೋಡಿದೆ. ಸಮವಸ್ತ್ರ ತೊಟ್ಟ ಒಬ್ಬ ಹೆಂಗಸು, ಮುಂದೆ ಪೊರಕೆ, ಕಸದ ಡಬ್ಬಿ ಇಟ್ಟ ತಳ್ಳುಗಾಡಿ. ಇದರಲ್ಲೇನಿದೆ ಎಂದು ಮುಂದಕ್ಕೆ ಸರಿಸುವಷ್ಟರಲ್ಲಿ ಕೆಳಗಿನ ಸಾಲು ಕಣ್ಣಿಗೆ ಬಿತ್ತು. ಅವಳು ಹೆಂಗಸಲ್ಲ, ಶಿಲ್ಪ!

ಅದನ್ನು ಮಾಡಿದವರು ಅಮೆರಿಕದ ಡುವೇನ್ ಹ್ಯಾನ್ಸನ್ (1925–1996). ಶಿಲ್ಪದ ಹೆಸರು ‘ಕ್ವೀನಿ 2’, 1988ರದ್ದು. ಹ್ಯಾನ್ಸನ್ ಹೆಚ್ಚಾಗಿ ಮಾಡಿದ್ದು ಸಾಮಾನ್ಯ ಜನರನ್ನೇ: ಸಾಮಾನು ಕೊಳ್ಳುವ ಹೆಂಗಸು, ಪ್ರವಾಸಿಗರು, ಗೋಡೆಗೆ ಒರಗಿ ನಿಂತ ಕಟ್ಟಡದ ಕೆಲಸಗಾರ.

ಮಾಡುವ ರೀತಿ ಓದಿ ಬೆರಗಾದೆ. ಮೊದಲು ನಿಜವಾದ ವ್ಯಕ್ತಿಯೊಬ್ಬರನ್ನು ಬೇಕಾದ ಭಂಗಿಯಲ್ಲಿ ನಿಲ್ಲಿಸುತ್ತಾರೆ. ಅಚ್ಚು ಅಂಟಿಕೊಳ್ಳದಂತೆ ಮೈಗೆ ವ್ಯಾಸಲೀನ್ ಹಚ್ಚಿ, ಕೈ, ಕಾಲು, ಮುಖ ಹೀಗೆ ಒಂದೊಂದೇ ಭಾಗದ ಅಚ್ಚು ತೆಗೆಯುತ್ತಾರೆ. ಅಚ್ಚಿನೊಳಗೆ ರಾಳ ಮತ್ತು ಫೈಬರ್ ಗ್ಲಾಸ್ ತುಂಬಿ, ಗಟ್ಟಿಯಾದ ಮೇಲೆ ಭಾಗಗಳನ್ನು ಜೋಡಿಸಿ, ಬೆಸುಗೆ ಕಾಣದಂತೆ ಉಜ್ಜುತ್ತಾರೆ. ಆಮೇಲೆ ಬಣ್ಣ. ನರ, ಕಲೆ, ಬಿಸಿಲಿಗೆ ಕಂದಿದ ಚರ್ಮ ಯಾವುದನ್ನೂ ಬಿಡುವುದಿಲ್ಲ. ಕೂದಲು ನೆಟ್ಟು, ಯಾರೋ ತೊಟ್ಟು ಹಳತಾದ ನಿಜವಾದ ಬಟ್ಟೆ ಹಾಕುತ್ತಾರೆ. ಒಬ್ಬ ಕೆಲಸಗಾರನ ದಣಿವಿಗಾಗಿ ಇಷ್ಟೆಲ್ಲ ಶ್ರಮ!

ಅಬ್ಬುಗೆ ತೋರಿಸಿದೆ. ನಮ್ಮ ಮನೆಯ ಗೋಡೆ ಮೇಲೆ ಮನುಷ್ಯರ ಚಿತ್ರ ಹಾಕುವುದಿಲ್ಲ, ಮೂರ್ತಿಯ ಮಾತಂತೂ ಇಲ್ಲವೇ ಇಲ್ಲ. ಅಬ್ಬು ಅರೆಗಳಿಗೆ ನೋಡಿ, “ಜೀವ ಇರೋರು ಎದುರಿಗೇ ಇದ್ದಾರಲ್ಲ ಬೇಟಾ, ಅವರನ್ನ ಮೊದಲು ನೋಡು” ಎಂದರು. ನಾನು ವಾದ ಮಾಡಬೇಕೆಂದಿದ್ದೆ, ಆಗಲಿಲ್ಲ.

ಏಕೆಂದರೆ ನನ್ನ ಖಾಲಾ ಒಂದು ಕಚೇರಿಯಲ್ಲಿ ನೆಲ ಒರೆಸುತ್ತಾರೆ. ಹನ್ನೊಂದು ವರ್ಷವಾದರೂ ಅಲ್ಲಿ ಅವರನ್ನು “ಏಯ್” ಎಂದೇ ಕರೆಯುವವರಿದ್ದಾರಂತೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆದರೆ ನಮ್ಮ ಕಾಲೇಜಿನ ಕಾರಿಡಾರ್ ಗುಡಿಸುವ ಅಕ್ಕನ ಹೆಸರೇನು? ಒಂದೂವರೆ ವರ್ಷದಿಂದ ಅವರು ಒರೆಸಿದ ನೆಲದ ಮೇಲೆ ನಡೆಯುತ್ತಿರುವ ನನಗೂ ಗೊತ್ತಿರಲಿಲ್ಲ. ದೂರದ ಅಮೆರಿಕದ ಶಿಲ್ಪದ ಹೆಸರು ಗೊತ್ತು, ಇವರ ಹೆಸರು ಗೊತ್ತಿಲ್ಲ.

ಲೆಕ್ಕಶಾಸ್ತ್ರದಲ್ಲಿ ನಾವು ಸಂಬಳವನ್ನು ಖರ್ಚಿನ ಕಡೆ ಬರೆಯುತ್ತೇವೆ. ಅದು ಸರಿಯಾದ ಲೆಕ್ಕವೇ. ಆದರೆ ಆ ಒಂದು ಸಾಲಿನೊಳಗೆ ಎಷ್ಟು ಜನ ಇದ್ದಾರೆಂದು ಪುಸ್ತಕ ಹೇಳುವುದಿಲ್ಲ.

ಹ್ಯಾನ್ಸನ್ ಮಾಡಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ನೋಡದೆ ಹೋಗುವ ಜನರನ್ನು ಅವರು ತಮಗೆ ತಿಳಿದ ದಾರಿಯಲ್ಲಿ ನಿಲ್ಲಿಸಿ ನೋಡಿಸಿದರು. ನಮಗೆ ಅಚ್ಚು, ರಾಳ, ಬಣ್ಣ ಯಾವುದೂ ಬೇಕಿಲ್ಲ. ಹೆಸರು ಸಾಕು.

ಆದ್ದರಿಂದ ಸಂಪಾದಕರಲ್ಲಿ ನನ್ನದೊಂದು ವಿನಂತಿ. ಈ ವರ್ಷದ ವಾರ್ಷಿಕ ಸಂಚಿಕೆಯಲ್ಲಿ ಉಪನ್ಯಾಸಕರ ಹೆಸರುಗಳ ಜೊತೆಗೆ ಗುಡಿಸುವವರು, ಕಾವಲುಗಾರರು, ನೀರು ತುಂಬುವವರು, ಎಲ್ಲರ ಹೆಸರೂ ಅಚ್ಚಾಗಲಿ. ಫೋಟೊ ಬೇಡವೆನ್ನುವವರಿದ್ದರೆ ಬೇಡ, ಹೆಸರಿರಲಿ. ಪಟ್ಟಿ ನಾನೇ ಮಾಡಿಕೊಡುತ್ತೇನೆ. ಅಕ್ಕನ ಹೆಸರನ್ನು ನಿನ್ನೆಯೇ ಕೇಳಿ ಬರೆದುಕೊಂಡಿದ್ದೇನೆ. “ಯಾಕಪ್ಪಾ, ಏನು ತಪ್ಪಾಯ್ತು?” ಎಂದು ಅವರು ಗಾಬರಿಯಾದರು.